ಆಟಿಸಂ ಇರುವ ಮಕ್ಕಳೊಂದಿಗೆ ಇಂಟರ್ನ್‌ಶಿಪ್‌ಗೆ ಹೊರಟವರಿಗೆ
ಮನಃಶಾಸ್ತ್ರ ಅಥವಾ ವಿಶೇಷ ಶಿಕ್ಷಣ ಓದುತ್ತಿದ್ದು, ಆಟಿಸಂ ಇರುವ ಮಕ್ಕಳ ಕೇಂದ್ರದಲ್ಲಿ ಇಂಟರ್ನ್‌ಶಿಪ್ ಆರಂಭಿಸುವ ವಿದ್ಯಾರ್ಥಿಗಳು ಮೊದಲ ಕೆಲವು ದಿನ ಏನನ್ನೂ ಕಲಿಸಲು ಹೋಗದೆ, ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅದು ಆಡುವುದನ್ನು ಗಮನಿಸುವುದು ಒಳ್ಳೆಯದು. ಯಾವ ಸದ್ದಿಗೆ ಅದು ಕಿವಿ ಮುಚ್ಚಿಕೊಳ್ಳುತ್ತದೆ, ಬೇಕಾದುದನ್ನು ಮಾತಿನಲ್ಲಿ ಕೇಳುತ್ತದೆಯೋ ನಿಮ್ಮ ಕೈಹಿಡಿದು ಎಳೆದು ತೋರಿಸುತ್ತದೆಯೋ ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವಂತೆ ಒತ್ತಾಯಿಸಬೇಡಿ. ಮುಖ ನೋಡದೆಯೂ ಅನೇಕ ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ.

ಸೂಚನೆ ಚಿಕ್ಕದಾಗಿರಲಿ. ‘ಬಾ, ಕೂತ್ಕೋ’ ಎಂದಷ್ಟೇ ಹೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾ ಕಾಯಿರಿ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ, ಏಕೆಂದರೆ ಮೌನ ನಮಗೆ ಮುಜುಗರ ತರುತ್ತದೆ, ಮಗುವಿಗಲ್ಲ. ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ಆಡುವ ಮಗುವಾದರೆ, ನೀರು, ಊಟ, ಶೌಚಕ್ಕೆ ಅಲ್ಲಿ ಬಳಸುವ ಪದಗಳನ್ನು ಪೋಷಕರಿಂದ ಮೊದಲೇ ಕೇಳಿ ತಿಳಿಯಿರಿ.

ಸೇರುವ ಮುನ್ನ, ನಿಮ್ಮ ಮೇಲ್ವಿಚಾರಕರು, ವಿಶೇಷ ಶಿಕ್ಷಕರಂಥ ವೃತ್ತಿಪರರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ನೋಂದಾಯಿತರೇ ಎಂದು ವಿಚಾರಿಸಲು ಸಂಕೋಚಪಡಬೇಡಿ. ಪೋಷಕರ ಲಿಖಿತ ಅನುಮತಿಯಿಲ್ಲದೆ ಫೋಟೊ ತೆಗೆಯಬೇಡಿ, ವಾಟ್ಸಾಪ್ ಸ್ಟೇಟಸ್‌ಗಂತೂ ಹಾಕಲೇಬೇಡಿ. ದಿನಚರಿಯ ಬದಲಾವಣೆ ಇಂತಹ ಅನೇಕ ಮಕ್ಕಳನ್ನು ಕಂಗೆಡಿಸುವುದರಿಂದ, ನಿಮ್ಮ ಕೊನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಒಂದು ವಾರ ಮೊದಲಿನಿಂದಲೇ ಮಗುವಿಗೆ ತೋರಿಸುತ್ತಾ ಬನ್ನಿ.