ನೈಲಾನ್‌ಗೆ ಬೆಳ್ಳಿಯಿಂದ ಹೊಂಬಣ್ಣ: ನನ್ನ ಅನುಭವ

ಬೆಳ್ಳಿಯ ನ್ಯಾನೋ ಕಣದಿಂದ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಿಂದ, ನೈಲಾನ್‌ಗೆ ಬಣ್ಣ ಕೂರಿಸುತ್ತೇನೆ ಅಂದಾಗ ಚಿಕ್ಕಬಳ್ಳಾಪುರದಲ್ಲಿ ನನ್ನ ಜೊತೆ ಡೈಯಿಂಗ್ ಮಾಡುವವರು ಯಾರೂ ನಂಬಲಿಲ್ಲ. "ಬೆಳ್ಳಿ ಹಾಕಿದ್ರೆ ಬಟ್ಟೆ ಕಪ್ಪಾಗುತ್ತೆ ಕಣಪ್ಪ, ಹಳದಿ ಎಲ್ಲಿಂದ ಬರುತ್ತೆ?" ಅಂದರು ನನಗೆ ಕೆಲಸ ಕಲಿಸಿದ ಹಿರಿಯರು. ಈಗ ನನ್ನ ಸ್ಯಾಂಪಲ್ ತುಂಡುಗಳನ್ನು ಅವರೇ ಗಿರಾಕಿಗಳಿಗೆ ತೋರಿಸುತ್ತಾರೆ.

ಕಲಿಯುವಾಗ ಹೆಚ್ಚು ದುಡ್ಡು ತಿಂದಿದ್ದು ನೀರು. ನಮ್ಮ ಕಡೆಯ ಬೋರ್‌ವೆಲ್ ನೀರು ಗೊತ್ತಲ್ವಾ? ಸಿಲ್ವರ್ ನೈಟ್ರೇಟ್ (ನೀರಿನಲ್ಲಿ ಕರಗುವ ಬೆಳ್ಳಿಯ ಲವಣ) ಬಿದ್ದ ತಕ್ಷಣ ಮಜ್ಜಿಗೆ ನೀರಿನಂತೆ ಬೆಳ್ಳಗಾಯಿತು. ನೀರಿನ ಉಪ್ಪಿನಂಶದಲ್ಲಿರುವ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಂಡು ತಳಕ್ಕೆ ಕೂತಿತು. ಬಟ್ಟೆಗೆ ಸಿಕ್ಕಿದ್ದು ಅಲ್ಲಲ್ಲಿ ಬೂದು ಕಲೆ ಅಷ್ಟೇ. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ತಂದೆ, ಪರವಾಗಿಲ್ಲ, ಆದರೂ ಸ್ವಲ್ಪ ಮಬ್ಬು. ಬ್ಯಾಟರಿ ನೀರು ಚೆನ್ನಾಗಿದೆ, ಲಾಟ್ ದೊಡ್ಡದಾದರೆ ಗಿಟ್ಟುವುದಿಲ್ಲ. ಕೊನೆಗೆ ಕೈಹಿಡಿದಿದ್ದು ಶೀಟಿನ ಮೇಲಿಂದ ಡ್ರಮ್ಮಿಗೆ ಹಿಡಿದ ಮಳೆ ನೀರು. ಮೊದಲ ಮಳೆಯನ್ನು ಹಾಗೇ ಹರಿಯಲು ಬಿಟ್ಟು, ಆಮೇಲಿನದನ್ನು ಹಿಡಿಯಬೇಕು.

ಪಾತ್ರೆಯೂ ಅಷ್ಟೇ ಮುಖ್ಯ. ಮನೆಯ ತಾಮ್ರದ ಹಂಡೆಯಲ್ಲಿ ಒಂದು ಲಾಟ್ ಕಾಯಿಸಿದಾಗ ಬೆಳ್ಳಿ ಬಟ್ಟೆಗೆ ಹೋಗಲಿಲ್ಲ, ಹಂಡೆಯ ಒಳಮೈಗೆ ಬೂದು ಪುಡಿಯಾಗಿ ಕಟ್ಟಿತು. ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು. ಅಲ್ಯುಮಿನಿಯಂ, ಕಬ್ಬಿಣದಲ್ಲೂ ಅದೇ ಕಥೆ. ಈಗ ಎನಾಮಲ್ ಪಾತ್ರೆ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ.

ವಿಧಾನ ಚಿಕ್ಕದು. ಕಿಲೋ ನೈಲಾನ್‌ಗೆ 20 ಲೀಟರ್ ನೀರು, ಮೂರು ಮೂರೂವರೆ ಗ್ರಾಂ ಸಿಲ್ವರ್ ನೈಟ್ರೇಟ್. ಬಟ್ಟೆ ಚೆನ್ನಾಗಿ ನೆನೆದ ಮೇಲೆ ದಾಳಿಂಬೆ ಸಿಪ್ಪೆಯ ಕಷಾಯ (ಬೆಳ್ಳಿಯನ್ನು ಕಣವಾಗಿಸುವುದು ಇದೇ), ಸ್ವಲ್ಪ ಕಾಸ್ಟಿಕ್ ಸೋಡಾ, ಪಿಎಚ್ 9ರ ಸುತ್ತ, ಅಂದರೆ ತುಸು ಕ್ಷಾರ. 85 ಡಿಗ್ರಿಯಲ್ಲಿ ಒಂದು ಗಂಟೆ ಸಾಕು. ಪಾಲಿಯೆಸ್ಟರ್‌ಗೆ ಅದರ ಮಾಮೂಲಿ ಬಣ್ಣವಾದ ಡಿಸ್ಪರ್ಸ್ ಡೈ ಹಾಕಲು 130 ಡಿಗ್ರಿ, ಪ್ರೆಷರ್ ಎಲ್ಲ ಬೇಕಲ್ಲ, ಇಲ್ಲಿ ಅದ್ಯಾವುದೂ ಇಲ್ಲ. ಮೊದಲು ತಿಳಿ ಹಳದಿ, ಆಮೇಲೆ ಹೊನ್ನು, ಬಿಟ್ಟರೆ ಕಂದು. ಹೊನ್ನು ಬಂದಾಗಲೇ ಎತ್ತಿಬಿಡಿ. ಕಂದಿಗೆ ಹೋದರೆ ಉಜ್ಜಿದಾಗ ಬಣ್ಣ ಬಿಡುತ್ತದೆ. ಕಷಾಯವನ್ನು ಎಷ್ಟು ಸಲಕ್ಕೆ, ಯಾವಾಗ ಸುರಿಯಬೇಕು ಅನ್ನುವುದು ನನ್ನಲ್ಲೇ ಇರಲಿ, ಶೇಡ್ ಸಮನಾಗಿ ಬರುವುದು ಅದರಿಂದಲೇ.

ಸಿಪ್ಪೆಯ ಚೊಗರೇ ಹಳದಿ ಕೊಡುತ್ತದೆ, ಬೆಳ್ಳಿ ಸುಮ್ನೆ ಅಂತ ಒಬ್ಬರು ವಾದಿಸಿದರು. ಬೆಳ್ಳಿ ಇಲ್ಲದ ಇನ್ನೊಂದು ತುಂಡನ್ನು ಅದೇ ಕಷಾಯದಲ್ಲಿ ಕಾಯಿಸಿ ಪಕ್ಕದಲ್ಲಿಟ್ಟೆ. ಅದು ಮಾಸಲು ಕೆನೆ ಬಣ್ಣ. ಮಾತು ಅಲ್ಲಿಗೇ ನಿಂತಿತು.

ದಾಳಿಂಬೆ ಸಿಪ್ಪೆಯ ಬದಲು ತಂಗಡಿ (ಆವರಿಕೆ ಗಿಡ) ಚಕ್ಕೆಯಲ್ಲೂ ನೋಡಿದೆ. ಬಣ್ಣ ಬರುತ್ತದೆ, ಆದರೆ ಬೇಗ ಕಂದಿಗೆ ಓಡುತ್ತದೆ. ಶಿಡ್ಲಘಟ್ಟದ ರೇಷ್ಮೆ ನೂಲನ್ನು ಅದೇ ಬಾತ್‌ಗೆ, ಅಂದರೆ ಬಣ್ಣದ ನೀರಿಗೆ, ಇಳಿಸಿದರೆ ನೈಲಾನ್‌ಗಿಂತ ಗಾಢವಾಗಿ ಹಿಡಿಯಿತು. ಚಿನ್ನದ ಕಣದಿಂದ ಗುಲಾಬಿ ಬರುತ್ತದೆ ಅಂತ ಒಂದು ಚಿಕ್ಕ ತುಂಡಿಗೆ ಮಾಡಿಸಿದೆ. ಅದನ್ನು ಬೀರುವಿನಲ್ಲಿ ಇಟ್ಟಿದ್ದೇನೆ, ಮಾರುವ ಲೆಕ್ಕಕ್ಕೆ ಬರುವುದಿಲ್ಲ.

ದುಡ್ಡಿನ ವಿಷಯ. ಬೆಳ್ಳಿ ಕಿಲೋಗೆ 75 ಸಾವಿರದ ಆಸುಪಾಸು ಇದ್ದಾಗ ಶುರು ಮಾಡಿದೆ. ಆಗಲೇ ಕಿಲೋ ಬಟ್ಟೆಗೆ ಸಿಲ್ವರ್ ನೈಟ್ರೇಟ್ ಒಂದಕ್ಕೇ 350, 400 ರೂಪಾಯಿ ಬೀಳುತ್ತಿತ್ತು. ಆಮೇಲೆ ಬೆಳ್ಳಿ ಲಕ್ಷ ದಾಟಿತು. ಬರೀ ಬಣ್ಣಕ್ಕೆ ಇಷ್ಟು ಸುರಿದರೆ ಮುಳುಗಿದ ಹಾಗೇ. ಆದರೆ ಬೆಳ್ಳಿ ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದಿಲ್ಲ, ಬೆವರಿನ ವಾಸನೆ ಕಡಿಮೆ. ಅದಕ್ಕೇ ನಾನು ಸಾಕ್ಸ್, ಶೂ ಲೈನಿಂಗ್ ಮಾಡುವವರಿಗಷ್ಟೇ ಕೊಡುವುದು. ಸೀರೆಯವರು ಕೇಳಿದರೂ ಒಪ್ಪುವುದಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ಒಗೆದರೆ ಬಣ್ಣ ಹೋಗುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಉಳಿದ ಬಾತ್ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ನೀರಿಗೆ ಸೇರಿದ ಬೆಳ್ಳಿ ಮೀನಿಗೂ ಪಾಚಿಗೂ ವಿಷ. ಅದನ್ನು ಮೋರಿಗೆ ಬಿಟ್ಟು ಪರಿಸರಸ್ನೇಹಿ ಅಂತ ಬೋರ್ಡ್ ಹಾಕುವುದು ಮೋಸ. ನಾನು ಬಾತನ್ನು ಇನ್ನೊಂದು ತಿಳಿ ಶೇಡಿಗೆ ಬಳಸಿ, ಆಮೇಲೆ ಅಡುಗೆ ಉಪ್ಪು ಹಾಕಿ ರಾತ್ರಿ ಬಿಡುತ್ತೇನೆ. ಬೆಳಗ್ಗೆ ಬೂದು ಗಸಿ ತಳಕ್ಕೆ ಕೂತಿರುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿ ಡಬ್ಬಿಗೆ ತುಂಬಿಡುತ್ತೇನೆ. ಬೆಳ್ಳಿ ಕರಗಿಸುವವರು ತೂಕ ಹಾಕಿಸಿಕೊಂಡು ಒಯ್ಯುತ್ತಾರೆ. ಗ್ಲೌಸ್ ಮಾತ್ರ ಮರೆಯಬೇಡಿ, ಬೆರಳಿಗೆ ತಾಗಿದರೆ ಕಪ್ಪು ಕಲೆ ವಾರವಾದರೂ ಹೋಗುವುದಿಲ್ಲ.