ಮೂಳೆ ಸುಲಭವಾಗಿ ಮುರಿಯುವವರಿಗೆ ಎದೆ ತೆರೆಯದೆ ಹೃದಯದ ಕವಾಟ: ಸಿದ್ಧತೆ ಹೇಗೆ?

ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ವಿರಳ ಕಾಯಿಲೆ ಇರುವವರಿಗೆ ಸಣ್ಣ ಪೆಟ್ಟಿನಿಂದಲೂ ಮೂಳೆ ಮುರಿಯುತ್ತದೆ. ಬಹುಪಾಲು ರೋಗಿಗಳಲ್ಲಿ ಇದಕ್ಕೆ ಕಾರಣ ಮೂಳೆಗೆ ಬಲ ಕೊಡುವ ಪ್ರೋಟೀನ್ ಆದ ಒಂದನೇ ಬಗೆಯ ಕೊಲಾಜೆನ್‌ನಲ್ಲಿರುವ ದೋಷ. ಅದೇ ಕೊಲಾಜೆನ್ ಹೃದಯದ ಕವಾಟಗಳಲ್ಲಿಯೂ ಹೃದಯದಿಂದ ರಕ್ತ ಹೊರಡುವ ಮುಖ್ಯ ನಾಳವಾದ ಮಹಾಪಧಮನಿಯ ಗೋಡೆಯಲ್ಲಿಯೂ ಇರುವುದರಿಂದ, ಕೆಲವರಿಗೆ ವಯಸ್ಸಾದಂತೆ ಮಹಾಪಧಮನಿಯ ಬುಡ ಹಿಗ್ಗಿ ಕವಾಟ ಸೋರತೊಡಗುತ್ತದೆ. ಎದೆಮೂಳೆ ಸೀಳಿ ಶಸ್ತ್ರಚಿಕಿತ್ಸೆ ಮಾಡಿದರೆ ಹೊಲಿಗೆ ಹಾಕಿದ ಜಾಗವೇ ಹರಿಯುವ, ರಕ್ತ ನಿಲ್ಲದಿರುವ, ಸೀಳಿದ ಮೂಳೆ ಕೂಡಿಕೊಳ್ಳದಿರುವ ಭಯವಿದೆ. ಆದ್ದರಿಂದಲೇ, 2002ರಲ್ಲಿ ಫ್ರಾನ್ಸಿನ ವೈದ್ಯ ಅಲೈನ್ ಕ್ರಿಬಿಯೆ ಮೊದಲ ಬಾರಿಗೆ ಮನುಷ್ಯರಲ್ಲಿ ಮಾಡಿದ, ಕ್ಯಾಥೆಟರ್ (ಸಾಮಾನ್ಯವಾಗಿ ತೊಡೆಯ ರಕ್ತನಾಳದಿಂದ ತೂರಿಸುವ ಸಪೂರ ನಳಿಕೆ) ಮೂಲಕ ಕವಾಟ ಕೂರಿಸುವ 'ಟಾವಿ' ವಿಧಾನದ ಬಗ್ಗೆ ಇಂಥ ರೋಗಿಗಳು ಕೇಳಿ ತಿಳಿಯುವುದು ಒಳ್ಳೆಯದು.

ಟಾವಿ ಎಲ್ಲರಿಗೂ ಹೊಂದುವುದಿಲ್ಲ. ಸುಣ್ಣ ಕಟ್ಟಿ ಕಿರಿದಾದ ಕವಾಟದಲ್ಲಿ ಹೊಸದು ಬಿಗಿಯಾಗಿ ಕೂರುತ್ತದೆ; ಬರೀ ಸೋರುವ, ಮೆತ್ತಗಿನ ಕವಾಟದಲ್ಲಿ ಅದು ಜಾರಬಹುದು. ಹಳೆಯ ಕವಾಟದ ಎಲೆಗಳಂಥ ಪದರಗಳನ್ನೇ ಹಿಡಿದು ನಿಲ್ಲುವ ವಿನ್ಯಾಸಗಳೂ ಈಗ ಇವೆ. ಮಹಾಪಧಮನಿಯೇ ತುಂಬ ಹಿಗ್ಗಿದ್ದರೆ ಕವಾಟ ಬದಲಿಸಿದ ಮಾತ್ರಕ್ಕೆ ತೊಂದರೆ ತೀರುವುದಿಲ್ಲ. ಇದನ್ನೆಲ್ಲ ನಿರ್ಧರಿಸುವುದು ಸಿ.ಟಿ. ಸ್ಕ್ಯಾನ್. ಕುಳ್ಳಗಿನ ಮೈಕಟ್ಟಿನವರಲ್ಲಿ ತೊಡೆಯ ರಕ್ತನಾಳ ಕಿರಿದಾಗಿರಬಹುದು, ಬೆನ್ನು ಬಾಗಿದವರಲ್ಲಿ ಮಹಾಪಧಮನಿಯೂ ಸೊಟ್ಟಗಿರಬಹುದು. ಆದ್ದರಿಂದ ಎದೆಯಿಂದ ತೊಡೆಸಂದಿಯವರೆಗಿನ ದಾರಿಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದಿದ್ದಾರೆಯೇ ಎಂದು ಕೇಳಿ.

ನನ್ನ ಅಭಿಪ್ರಾಯದಲ್ಲಿ ಮನೆಯವರು ಹೆಚ್ಚು ಗಮನ ಕೊಡಬೇಕಾದದ್ದು ಕವಾಟದ ಸುತ್ತ ನಡೆಯುವ ಸಣ್ಣ ಕೆಲಸಗಳ ಮೇಲೆ. ಬಿ.ಪಿ. ನೋಡುವ ಪಟ್ಟಿಯನ್ನೇ ತೆಗೆದುಕೊಳ್ಳಿ: ಯಂತ್ರ ಅದನ್ನು ಮತ್ತೆ ಮತ್ತೆ ಬಿಗಿಯುತ್ತದೆ, ಮೂಳೆ ತೀರಾ ಮೆದುವಾಗಿರುವವರ ತೋಳು ಆ ಒತ್ತಡಕ್ಕೇ ಮುರಿಯಬಹುದು. ಅಂಥವರಿಗೆ ರಕ್ತನಾಳದೊಳಗಿನ ಸಣ್ಣ ನಳಿಕೆಯಿಂದ ಬಿ.ಪಿ. ಅಳೆಯಬಹುದೇ ಎಂದು ಅರಿವಳಿಕೆ ವೈದ್ಯರನ್ನು ಮೊದಲೇ ಕೇಳಿ. ಸ್ಟ್ರೆಚರ್‌ನಿಂದ ಕ್ಯಾಥ್ ಲ್ಯಾಬ್‌ನ (ಈ ಚಿಕಿತ್ಸೆ ನಡೆಯುವ ಕೋಣೆಯ) ಮೇಜಿಗೆ ಸಾಗಿಸುವಾಗ ಯಾರೂ ಕೈಕಾಲು ಹಿಡಿದು ಎಳೆಯಬಾರದು. ಹಾಸಿದ ಬಟ್ಟೆಯ ಸಮೇತ, ನಾಲ್ಕೂ ಕಡೆಯಿಂದ ಒಟ್ಟಿಗೆ ಎತ್ತಬೇಕು. ಬಾಗಿದ ಬೆನ್ನು, ಮಡಿಚಿದ ಮೊಣಕಾಲುಗಳ ಕೆಳಗೆ ಮೆತ್ತೆ ಇಡಬೇಕು. ಯಾವ ಭಂಗಿಯಲ್ಲಿ ನೋವಿಲ್ಲ ಎಂಬುದು ರೋಗಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದರಿಂದ, ಅವರು ಎಚ್ಚರವಿರುವಾಗಲೇ ಮಲಗಿಸಿ, ಕೇಳಿ, ಸರಿಪಡಿಸುವುದು ಉತ್ತಮ.

ಪೂರ್ಣ ಅರಿವಳಿಕೆ ಕೊಡುವುದಾದರೆ ಕತ್ತು ಹಿಂದಕ್ಕೆ ಬಾಗಿಸುವುದೂ ದವಡೆ ಎತ್ತುವುದೂ ಅಪಾಯವೇ, ಹಲ್ಲುಗಳೂ ಮುರಿಯಬಹುದು. ಹಲವು ರೋಗಿಗಳಿಗೆ ತೊಡೆಸಂದಿಯನ್ನಷ್ಟೇ ಮರಗಟ್ಟಿಸಿ, ಸ್ವಲ್ಪ ಮಂಪರು ಬರಿಸಿ ಟಾವಿ ಮಾಡಲಾಗುತ್ತದೆ. ಹಿಂದೆ ಮುರಿದ ಮೂಳೆಗಳ, ತೊಡೆಯೊಳಗಿನ ಲೋಹದ ಸರಳುಗಳ, ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆದು ಕಡತದ ಮೇಲ್ಭಾಗಕ್ಕೆ ಅಂಟಿಸಿ. ಕಿವಿ ಮಂದವಿದ್ದರೆ ಅದನ್ನೂ ಬರೆಯಿರಿ. ಈ ಕಾಯಿಲೆಯಲ್ಲಿ ಅದು ಸಾಮಾನ್ಯ.

ಚಿಕಿತ್ಸೆಯ ನಂತರ ತೊಡೆಸಂದಿಯಲ್ಲಿ ಊತ ಅಥವಾ ರಕ್ತ ಕಂಡರೆ ಕೂಡಲೇ ಹೇಳಿ. ಕೆಲವರಿಗೆ ಹೃದಯದ ಬಡಿತ ನಿಧಾನವಾಗಿ ಪೇಸ್‌ಮೇಕರ್ ಬೇಕಾಗುತ್ತದೆ. ತಲೆಸುತ್ತು ಬಂದು ಬಿದ್ದರೆ ಇವರಿಗೆ ಆಗುವ ಹಾನಿ ಬೇರೆಯವರಿಗಿಂತ ಬಹಳ ಹೆಚ್ಚು, ಹಾಗಾಗಿ ಮೊದಲ ಸಲ ಎದ್ದು ನಿಲ್ಲುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಮುಂದೆ ಹಲ್ಲು ಕೀಳಿಸುವ ಮುನ್ನ ಹೊಸ ಕವಾಟದ ವಿಷಯವನ್ನು ದಂತವೈದ್ಯರಿಗೆ ತಿಳಿಸಿ, ಸೋಂಕು ತಡೆಯುವ ಆಂಟಿಬಯೋಟಿಕ್ ಪಡೆದುಕೊಳ್ಳಿ.