ಹೊಸ ಪಿಕಪ್‌ಗೆ ಅರ್ಧ ಲೋಡ್ ಹಾಕಿಯೇ ಪಳಗಿಸಿದೆ: ನನ್ನ ಅನುಭವ

ನನ್ನ ಪಿಕಪ್ ಈಗ 70 ಸಾವಿರ ಕಿಲೋಮೀಟರ್ ದಾಟಿದೆ. ಒಂದು ಸರ್ವಿಸ್‌ನಿಂದ ಇನ್ನೊಂದರವರೆಗೆ ಆಯಿಲ್ ಕಡ್ಡಿಯ ಗುರುತು ಹೇಳುವಷ್ಟು ಇಳಿಯುವುದಿಲ್ಲ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಬಾಡಿಗೆ ಓಡಿಸುವವರು ಇದನ್ನು ನಂಬಿರಲಿಲ್ಲ. ಈಗ ಅವರೇ ಬಂದು ಕಡ್ಡಿ ಎಳೆದು ನೋಡಿ ಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊಸ ಡೀಸೆಲ್ ಗಾಡಿಯ ಬಗ್ಗೆ ನಮ್ಮಲ್ಲಿ ಎರಡು ಮಾತು ಓಡಾಡುತ್ತವೆ. ಮೊದಲ ಸರ್ವಿಸ್ ಆಗುವವರೆಗೆ ಖಾಲಿ ಓಡಿಸು, ನಲವತ್ತು ದಾಟಬೇಡ ಅನ್ನುವುದು ಒಂದು. ಮೊದಲ ದಿನವೇ ಫುಲ್ ಲೋಡ್ ಹೊಡೆ, ಗಾಡಿ ಗಟ್ಟಿಯಾಗುತ್ತದೆ ಅನ್ನುವುದು ಇನ್ನೊಂದು. ಎರಡರ ಫಲವನ್ನೂ ನಾನು ಮನೆಯಲ್ಲೇ ಕಂಡಿದ್ದೇನೆ.

ಅಣ್ಣನ ಹಳೇ ಪಿಕಪ್ ತಿಂಗಳುಗಟ್ಟಲೆ ಖಾಲಿ ಓಡಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಹತ್ತು ಹದಿನೈದು ನಿಮಿಷ ಸುಮ್ನೆ ನಿಲ್ಲಿಸುತ್ತಿದ್ದ. ಮೂವತ್ತು ಸಾವಿರ ಕಿಲೋಮೀಟರ್ ಆಗುವ ಹೊತ್ತಿಗೆ ನೀಲಿ ಹೊಗೆ ಶುರು. ಪ್ರತಿ ತಿಂಗಳು ಒಂದು ಲೀಟರ್ ಆಯಿಲ್ ಸುರಿಯಬೇಕು. ಎಂಜಿನ್ ಬಿಚ್ಚಿದರೆ ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪಿಸ್ಟನ್ನಿನ ರಿಂಗ್ ಆ ಗೋಡೆಗೆ ಸರಿಯಾಗಿ ಒತ್ತಿ ಕೂರಲೇ ಇಲ್ಲ, ಆಯಿಲ್ ಮೇಲೆ ಹೋಗಿ ಸುಡುತ್ತಿತ್ತು. ಖರ್ಚು ಅರುವತ್ತೈದು ಎಪ್ಪತ್ತು ಸಾವಿರ. ಅದೂ ಅಡಿಕೆ ಸೀಸನ್ನಿನಲ್ಲಿ ಬಾಡಿಗೆ ಇಲ್ಲ, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಭಾವನದ್ದು ಇನ್ನೊಂದು ಕತೆ. ಹೊಸ ಗಾಡಿಗೇ ಮುರಕಲ್ಲು ತುಂಬಿ ಗುಡ್ಡೆ ಹತ್ತಿಸಿದರು. ಎಂಜಿನ್‌ಗೆ ಏನೂ ಆಗಲಿಲ್ಲ. ಕ್ಲಚ್ ಪ್ಲೇಟ್ ಸುಟ್ಟಿತು, ಆಮೇಲೆ ಹಿಂದಿನ ಚಕ್ರಗಳನ್ನು ತಿರುಗಿಸುವ ಗೇರ್ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್, ಕೂಗತೊಡಗಿತು. ಅದರೊಳಗಿನ ಕ್ರೌನ್ ಪಿನಿಯನ್ ಗೇರು ಸೇರಿ ಮೂವತ್ತು ಸಾವಿರದ ಆಸುಪಾಸು ಹೋಯಿತು.

ನಾನು ಮಧ್ಯದ ದಾರಿ ಹಿಡಿದೆ. ಮೊದಲ ನೂರು ಕಿಲೋಮೀಟರ್ ಖಾಲಿ ಓಡಿಸಿದೆ, ಬ್ರೇಕ್ ಕೂರಲಿ ಅಂತ. ಅಷ್ಟಾದ ಕೂಡಲೇ ವೀಲ್ ನಟ್ ಎಲ್ಲ ಮತ್ತೆ ಬಿಗಿಸಿದೆ. ಆಮೇಲೆ ಅಡಿಕೆ ಮೂಟೆ, ಐನೂರು ಆರುನೂರು ಕಿಲೋ. ಚೆರ್ಕಳದಿಂದ ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿಗೆ ಹೋಗುವ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು. ಏರು, ಇಳಿತ, ತಿರುವು ಎಲ್ಲ ಉಂಟು. ಏರಿನಲ್ಲಿ ಮೂರನೇ ಗೇರಿನಲ್ಲಿ 1,500ರಿಂದ 2,500 ಆರ್‌ಪಿಎಂವರೆಗೆ ಒತ್ತಿ ಎಳೆಸುವುದು, ಇಳಿಜಾರಿನಲ್ಲಿ ಕಾಲು ತೆಗೆದು ಗೇರಿನಲ್ಲೇ ಬಿಡುವುದು. ಎಂಜಿನ್ ಗುಮ್ಮೆನ್ನುವ ಹಾಗೆ ದೊಡ್ಡ ಗೇರಿನಲ್ಲಿ ಎಳೆಸಬಾರದು. ಹೈವೇಯಲ್ಲಿ ಒಂದೇ ಸ್ಪೀಡಿನಲ್ಲಿ ಓಡಿಸಿದರೆ ರಿಂಗ್ ಕೂರಿಸುವ ಈ ಕೆಲಸ ಆಗುವುದಿಲ್ಲ. "ಮಾರಾಯ, ಹೊಸ ಗಾಡಿಯನ್ನು ಹೀಗೆ ಹಿಂಸೆ ಮಾಡ್ತೀಯಾ?" ಅಂತ ಸ್ಟ್ಯಾಂಡಿನಲ್ಲಿ ಕೇಳಿದವರಿದ್ದಾರೆ. ಎರಡೂವರೆ ಸಾವಿರ ಕಿಲೋಮೀಟರ್ ಆದ ಮೇಲೆಯೇ ಫುಲ್ ಲೋಡ್ ಹಾಕಿದ್ದು.

ಸಾವಿರ ಕಿಲೋಮೀಟರಿಗೇ ಆಯಿಲ್, ಫಿಲ್ಟರ್ ಬದಲಿಸಿದೆ. ಶೋರೂಮಿನಲ್ಲಿ ಅಗತ್ಯ ಇಲ್ಲ ಅಂದರು. ಅಲ್ಲೇ ದುಡ್ಡು ಕೊಟ್ಟು ಮಾಡಿಸಿ ಬಿಲ್ ಇಟ್ಟುಕೊಂಡೆ. ನಾಲ್ಕೂವರೆ ಸಾವಿರ ರೂಪಾಯಿ ಆಗಿರಬೇಕು. ಇಳಿಸಿದ ಆಯಿಲನ್ನು ಬಿಸಿಲಿಗೆ ಹಿಡಿದರೆ ಮಿನುಗುತ್ತಿತ್ತು. ಅಷ್ಟೂ ಲೋಹದ ಪುಡಿ. ಐದು ಸಾವಿರ ಕಿಲೋಮೀಟರಿಗೆ ಡಿಫರೆನ್ಷಿಯಲ್ ಆಯಿಲ್ ಬಿಟ್ಟಾಗ ಪ್ಲಗ್ಗಿಗೆ ಒಂದು ಮ್ಯಾಗ್ನೆಟ್ ತಾಗಿಸಿ ನೋಡಿದೆ. ಬೂದು ಬಣ್ಣದ ಪೇಸ್ಟ್ ದಪ್ಪಕ್ಕೆ ಅಂಟಿತು. ಈ ಆಯಿಲ್ ಬದಲಾವಣೆ ಯಾರೂ ಮಾಡುವುದಿಲ್ಲ, ಮಾಡಲೇಬೇಕಾದ್ದು ಇದೇ.

ಹೊಸ ಹೊಗೆ ನಿಯಮದ ಬಿಎಸ್6 ಡೀಸೆಲ್ ಗಾಡಿಯ ನಿಜವಾದ ತಲೆನೋವು ಡಿಪಿಎಫ್, ಅಂದರೆ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್. ಒಂದು ಮಳೆಗಾಲದಲ್ಲಿ ಪಶು ಆಹಾರದ ಮೂಟೆ ಹಾಕುವ ಕೆಲಸ ಸಿಕ್ಕಿತು. ಎಲ್ಲ ಮೂರು ನಾಲ್ಕು ಕಿಲೋಮೀಟರಿನ ಓಟ. ಸೈಲೆನ್ಸರ್ ಬಿಸಿಯಾಗುವ ಮೊದಲೇ ಎಂಜಿನ್ ಆಫ್. ಮಸಿ ಸುಡಬೇಕಾದರೆ ಒಳಗೆ 550, 600 ಡಿಗ್ರಿ ಬೇಕು. ಮಸಿ ತುಂಬಿ ಮೀಟರ್ ಬೋರ್ಡಿನಲ್ಲಿ ಡಿಪಿಎಫ್ ದೀಪ ಹತ್ತಿತು. ವರ್ಕ್‌ಶಾಪಿನಲ್ಲಿ ಲ್ಯಾಪ್‌ಟಾಪ್ ಹಾಕಿ ಸುಡಿಸಲು ನಾಲ್ಕು ಸಾವಿರ ಕೇಳಿದರು. ನಾನು ಕೊಡಲಿಲ್ಲ. ಹೈವೇಗೆ ಹೋಗಿ ನಾಲ್ಕನೇ ಗೇರಿನಲ್ಲಿ 2,000 ಆರ್‌ಪಿಎಂಗಿಂತ ಕೆಳಗೆ ಬಿಡದೆ ಅರ್ಧ ಗಂಟೆ ಓಡಿಸಿದೆ, ದೀಪ ಹೋಯಿತು. ಈಗ ವಾರಕ್ಕೊಮ್ಮೆ ದೂರದ ಬಾಡಿಗೆ ಇಟ್ಟುಕೊಳ್ಳುತ್ತೇನೆ. ಅಡ್ಕಸ್ಥಳದ ಗಡಿ ದಾಟಿ ಕರ್ನಾಟಕದ ವಿಟ್ಲದ ಕಡೆ ಹೋದರೆ ಡೀಸೆಲ್ ಕೂಡ ಲೀಟರಿಗೆ ಕೆಲವು ರೂಪಾಯಿ ಕಡಿಮೆ. ತಲಪಾಡಿ ಕಡೆ ಹೋದರೆ ಆ ಉಳಿತಾಯವನ್ನು ಟೋಲ್ ತಿನ್ನುತ್ತದೆ. ಆಯಿಲ್ ಮಾತ್ರ ಕಡಿಮೆ ಬೂದಿಯದ್ದೇ ಹಾಕಿ, ಅಗ್ಗದ್ದು ಬೇಡ. ಡಿಪಿಎಫ್‌ನಲ್ಲಿ ಕೂತ ಅದರ ಬೂದಿ ಎಷ್ಟು ಓಡಿಸಿದರೂ ಸುಡುವುದಿಲ್ಲ.

ರಾಷ್ಟ್ರೀಯ ಹೆದ್ದಾರಿ 66ರ ಆರು ಪಥದ ಕೆಲಸ ನಡೆಯುವಾಗ ಕೆಂಪು ಧೂಳು ಕುಡಿದು ಏರ್ ಫಿಲ್ಟರ್ ಅರ್ಧ ಆಯಸ್ಸಿಗೇ ಮುಗಿಯುತ್ತಿತ್ತು. ಏಳೆಂಟು ನೂರು ರೂಪಾಯಿ. ಅಲ್ಲಿ ಜುಗ್ಗತನ ಮಾಡಿದರೆ ಎಂಜಿನ್‌ಗೆ ಗಾಳಿ ತಳ್ಳುವ ಟರ್ಬೊ ಹೋಗುತ್ತದೆ, ಅಲ್ವಾ? ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ನೀರನ್ನು ಹದಿನೈದು ದಿನಕ್ಕೊಮ್ಮೆ ಬಿಡುತ್ತೇನೆ.

ಇನ್ನು ತುಕ್ಕಿನ ವಿಷಯ. ಕುಂಬಳೆ, ಉಪ್ಪಳದ ಉಪ್ಪುಗಾಳಿ, ಮೇಲಿಂದ ಮೀನಿನ ಬಾಡಿಗೆ. ಮೀನಿನ ನೀರು ಬಿದ್ದರೆ ಅದೇ ದಿನ ಅಡಿ ತೊಳೆಯಬೇಕು. ಹಿಂದೆ ಮರದ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಅದನ್ನು ಚಾಸಿಗೆ ಯಾಕೆ ಹಚ್ಚಬಾರದು ಅಂತ ನೋಡಿದೆ. ಬರಿ ಎಣ್ಣೆ ಒಣಗಲೇ ಇಲ್ಲ, ಧೂಳು ಮೆತ್ತಿ ಗಲೀಜಾಯಿತು. ಕಾಯಿಸಿ, ಇನ್ನೊಂದು ವಸ್ತು ಬೆರೆಸಿದ ಮೇಲೆ ಗಟ್ಟಿ ಕೂತಿತು. ಅದು ಯಾವುದು, ಎಷ್ಟು ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎಡ ಚಾಸಿಗೆ ಇದು, ಬಲಕ್ಕೆ ಪೇಟೆಯಿಂದ ತಂದ ಕರಿ ಕೋಟಿಂಗ್. ಎರಡು ಮಳೆಗಾಲ ಕಳೆದಿದೆ. ಬಲದ್ದು ಪದರ ಪದರವಾಗಿ ಏಳುತ್ತಿದೆ, ಎಡದ್ದು ಹಾಗೇ ಉಂಟು. ನೋಡಬೇಕೆಂದಿರುವವರು ಬಂದು ಗಾಡಿಯ ಅಡಿಗೆ ಮಲಗಿ ನೋಡಬಹುದು. ನೀವೂ ಪ್ರಯೋಗ ಮಾಡುವುದಾದರೆ ಕೈಗೆ ಗ್ಲೌಸ್ ಹಾಕಿ, ಆ ಎಣ್ಣೆ ಚರ್ಮ ಸುಡುತ್ತದೆ. ಸೈಲೆನ್ಸರ್‌ಗೂ ಬ್ರೇಕಿನ ರಬ್ಬರ್ ಪೈಪಿಗೂ ತಾಗಿಸಬೇಡಿ.